ತಿರುವಿನಲ್ಲಿ ಕಣ್ಣಂಚು ಕಪ್ಪಾದಾಗ

ಕಣ್ಣು ಕತ್ತಲೆ ಬರುವಾಗ ಮೊದಲು ಹೋಗುವುದು ಅಂಚು. ಎದುರಿಗಿರುವುದು ಕಾಣುತ್ತಲೇ ಇರುತ್ತದೆ, ಎಡಬಲ ಮಾತ್ರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆ ಬೂದಿ ಮೆಲ್ಲಗೆ ಒಳಕ್ಕೆ ಹರಿದು ಬರುತ್ತದೆ. ಆಮೇಲೆ ಬಣ್ಣಗಳು ಹೋಗುತ್ತವೆ, ಕೊನೆಗೆ ನೋಟವೇ ಹೋಗುತ್ತದೆ. ಕಿವಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಇದನ್ನು ನಾನು ಎರಡು ಕಡೆ ಕಂಡಿದ್ದೇನೆ. ಒಂದು, ಸಕಲೇಶಪುರದ ನಮ್ಮ ಚರ್ಚಿನಲ್ಲಿ, ಶುಭ ಶುಕ್ರವಾರದ ದಿನ, ಓದುವ ಪೀಠದ ಮುಂದೆ. ಇನ್ನೊಂದು, ನಮ್ಮ ಮನೆಯ ಹಜಾರದಲ್ಲಿ, ಯುದ್ಧವಿಮಾನ ಓಡಿಸುವ ಕಂಪ್ಯೂಟರ್ ಆಟದಲ್ಲಿ.

ಶುಭ ಶುಕ್ರವಾರ ಮಧ್ಯಾಹ್ನ ಚರ್ಚಿನಲ್ಲಿ ಯೇಸುಸ್ವಾಮಿಯ ಪಾಡುಗಳ, ಎಂದರೆ ಶಿಲುಬೆ ಮರಣದ, ಕತೆಯನ್ನು ಮೂರು ಜನ ಹಂಚಿಕೊಂಡು ಓದುತ್ತೇವೆ. ಸ್ವಾಮಿಯ ಮಾತುಗಳನ್ನು ಫಾದರ್ ಓದುತ್ತಾರೆ, ಉಳಿದವರ ಮಾತುಗಳನ್ನು ಇನ್ನೊಬ್ಬರು. ನಡುವೆ ಕತೆ ಹೇಳುವ ಪಾಲು ಹನ್ನೊಂದು ವರ್ಷದಿಂದ ನನ್ನದು. ಉದ್ದದ ಓದು. ಇಡೀ ಚರ್ಚು ನಿಂತೇ ಕೇಳುತ್ತದೆ. ಸ್ವಾಮಿ ಪ್ರಾಣ ಬಿಟ್ಟರು ಎನ್ನುವ ಕಡೆ ಓದು ನಿಲ್ಲಿಸಿ ಎಲ್ಲರೂ ಮೊಣಕಾಲೂರುತ್ತೇವೆ. ಸ್ವಲ್ಪ ಹೊತ್ತು ಒಂದು ಕೆಮ್ಮೂ ಕೇಳಿಸುವುದಿಲ್ಲ. ಆಮೇಲೆ ಎದ್ದು ಉಳಿದ ಸಾಲುಗಳನ್ನು ಓದಿ ಮುಗಿಸಬೇಕು.

ಹೋದ ವರ್ಷ ನಾನು ಬಿದ್ದದ್ದು ಹಾಗೆ ಏಳುವಾಗ. ಮೊದಲು ಅಂಚು ಹೋಯಿತು, ಆಮೇಲೆ ಬಣ್ಣ. ಕಿವಿ ಇತ್ತಲ್ಲ, ಅದರಿಂದ ಪುಸ್ತಕ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು, "ಅಯ್ಯೋ, ಹಿಡೀರಿ ಹಿಡೀರಿ" ಎಂದು ಮುಂದಿನ ಬೆಂಚಿನ ಹೆಂಗಸರು ಕೂಗಿದ್ದು ಕೇಳಿಸಿತು. ಆಮೇಲೆ, ನನ್ನನ್ನು ಪಕ್ಕದ ಕೋಣೆಗೆ ಎತ್ತಿಕೊಂಡು ಹೋಗುತ್ತಿರುವಾಗ, ಹಾಡುವ ತಂಡದ ಮುಖ್ಯಸ್ಥ ನನ್ನ ಉಳಿದ ಸಾಲುಗಳನ್ನು ಓದುತ್ತಿರುವುದೂ ಕೇಳಿಸಿತು. ಅವನು ಚೆನ್ನಾಗಿಯೇ ಓದಿದ. ನುಂಗಲಿಕ್ಕೆ ಆಗದೆ ಹೋದದ್ದು ಅದೇ.

ಹಾಸನದ ಡಾಕ್ಟರು ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಬಿಪಿ ನೋಡಿದರು. "ಹೃದಯಕ್ಕೆ ಏನೂ ಆಗಿಲ್ಲಮ್ಮ. ಎದ್ದು ನಿಂತ ಕೂಡಲೇ ನಿಮ್ಮ ಬಿಪಿ ಇಳಿದುಹೋಗುತ್ತೆ, ರಕ್ತ ಕಾಲಿನಲ್ಲೇ ಉಳಿಯುತ್ತೆ. ನೀರು ಜಾಸ್ತಿ ಕುಡೀರಿ, ನಿಧಾನ ಏಳಿ, ಹೊಟ್ಟೆ ಖಾಲಿ ಬಿಡಬೇಡಿ" ಎಂದರು. ಹೃದಯ ನೆಟ್ಟಗಿದೆಯಲ್ಲ, ಅದು ದೇವರು ಮಾಡಿದ ಮೊದಲ ಉಪಕಾರ ಎಂದುಕೊಂಡು ಬಂದೆ. ಶುಭ ಶುಕ್ರವಾರ ನಾನು ಮಧ್ಯಾಹ್ನದ ಆರಾಧನೆ ಮುಗಿಯುವವರೆಗೆ ತೊಟ್ಟು ನೀರೂ ಮುಟ್ಟುವುದಿಲ್ಲ ಎನ್ನುವುದನ್ನು ಅವರಿಗೆ ಹೇಳಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಈ ವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವ ಮೊದಲು ಫಾದರ್ ನನ್ನನ್ನು ಕರೆದರು. ಚಿಕ್ಕ ಪ್ರಾಯದವರು, ಮಾತು ಮೆತ್ತಗೆ. "ಅಮ್ಮ, ಈ ಸಲ ಹಾಡಿನವರೇ ಓದಲಿ. ನೀವು ಕೂತು ಕೇಳಿ."

"ಕೂತು ಕೇಳಕ್ಕೆ ಮುಂದೆ ಬೇಕಾದಷ್ಟು ವರ್ಷ ಐತೆ ಫಾದರ್," ಎಂದೆ. "ತಪಸ್ಸು ಕಾಲದ ಶುಕ್ರವಾರ ಶುಕ್ರವಾರ ಶಿಲುಬೆ ಹಾದಿಗೆ ಬರ್ತೀನಿ. ಹದಿನಾಲ್ಕು ಸ್ಥಳ, ಹದಿನಾಲ್ಕು ಸಲ ಮೊಣಕಾಲೂರಿ ಏಳಬೇಕು. ಒಂದು ಸಲ ತೂರಾಡಿದ್ರೂ ನಾನೇ ಬಂದು ಹೇಳ್ತೀನಿ. ಪುಸ್ತಕ ಅವನ ಕೈಗೆ ನಾನೇ ಕೊಡ್ತೀನಿ."

ಫಾದರ್ ಒಪ್ಪಿದರು. ಮಾತು ಕೊಟ್ಟು ಹೊರಗೆ ಬಂದ ಮೇಲೆ ನನಗೆ ಭಯವಾಯಿತು. ಬೀಳದೆ ಏಳುವ ಉಪಾಯವೊಂದೂ ನನ್ನ ಹತ್ತಿರ ಇರಲಿಲ್ಲ. ಅದು ನಮ್ಮ ಹಜಾರದಲ್ಲಿ, ನಾನು ದಿನಾ ಬಯ್ಯುತ್ತಿದ್ದ ಯಂತ್ರದೊಳಗೆ ಇತ್ತು.

ನಮ್ಮನೆಯವರು ದೋಣಿಗಲ್ ಕಡೆಯ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷ ಜೀಪು ಓಡಿಸಿದವರು. ಕ್ಲಚ್ ತುಳಿದು ತುಳಿದು ಎಡ ಮೊಣಕಾಲು ಸವೆದು, ಮಂಗಳೂರಿನಲ್ಲಿ ಆಪರೇಷನ್ ಆಗಿ, ಕೆಲಸ ಬಿಟ್ಟು ಬೆಳಗೋಡು ದಾರಿಯ ನಮ್ಮ ಮನೆಗೆ ಬಂದು ಕೂತರು. ಕೂತರೆ ಕೂತದ್ದೇ. ಇಡೀ ದಿನ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಹೋಗುವ ಬಸ್ಸಿನ ಡ್ರೈವರನನ್ನು ಬಯ್ಯುವುದು. "ಸೆಕೆಂಡಿಗೆ ಹಾಕೋ, ಎಂಜಿನ್ ಬಾಯಿ ಬಡ್ಕೊಳ್ತಾ ಐತೆ, ಕಿವಿ ಕೇಳ್ಸಲ್ವೇನೋ!" ಬಸ್ಸು ಬೆಳಗೋಡು ಮುಟ್ಟಿದರೂ ಇವರ ಬಯ್ಗುಳ ಮುಗಿಯುತ್ತಿರಲಿಲ್ಲ.

ಹಾಸನದಲ್ಲಿ ಟೀಚರಾಗಿರುವ ನಮ್ಮ ಮಗಳು ಇದನ್ನು ಎರಡು ದಿನ ನೋಡಿದಳು. ಮುಂದಿನ ಸಲ ಬರುವಾಗ ತನ್ನ ಹಳೆಯ ಕಂಪ್ಯೂಟರ್ ಒಂದನ್ನೂ, ಗೇರಿನ ಕೋಲಿನ ಹಾಗಿರುವ ಒಂದು ಜಾಯ್‌ಸ್ಟಿಕ್ಕನ್ನೂ ತಂದಳು. "ಪಪ್ಪಾ, ಬಸ್ಸಿನೋರ್ನ ಬಿಟ್ಬುಡು. ಇದನ್ನ ಓಡ್ಸು." ಹಳೇ ಕಾಲದ ಯುದ್ಧವಿಮಾನಗಳ ಆಟ. ರೆಕ್ಕೆ, ಎಂಜಿನ್, ಗಾಳಿ ಎಲ್ಲ ನಿಜದಲ್ಲಿ ಹೇಗೋ ಹಾಗೆ ನಡೆಯುತ್ತದಂತೆ. ಸಕಲೇಶಪುರ ಪೇಟೆಯಲ್ಲಿ ಕಾಫಿ ವ್ಯಾಪಾರ ಮಾಡುವ ಸಾಹೇಬರೊಬ್ಬರು ಇವರ ಜೀಪಿನ ಕಾಲದ ಸ್ನೇಹಿತರು. ಅವರ ಅಂಗಡಿಯಲ್ಲೂ ಕಂಪ್ಯೂಟರ್ ಇತ್ತು. ಮಗಳು ಇಬ್ಬರನ್ನೂ ಒಂದೇ ಆಕಾಶಕ್ಕೆ ಹತ್ತಿಸಿ ಹೋದಳು. ಭಾನುವಾರ ನಾವು ಪೂಜೆ ಮುಗಿಸಿ ಬಂದ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಇಬ್ಬರೂ ಹೊಡೆದಾಡುವುದು, ನಮ್ಮನೆಯವರು ಸೋಲುವುದು.

ಸೋಲುವುದಕ್ಕೆ ಕಾರಣ ಎರಡು. ಮೊದಲನೆಯದು ಅವರ ಹೆಬ್ಬೆರಳು. ಮೂವತ್ತು ವರ್ಷ ಘಾಟಿಯ ಕುರುಡು ತಿರುವುಗಳಲ್ಲಿ ಹಾರ್ನ್ ಒತ್ತಿದ ಬೆರಳು ಅದು. ವಿಮಾನ ತಿರುಗಿಸಲು ಶುರುಮಾಡಿದರೆ ತಾನಾಗಿ ಒತ್ತುತ್ತಿತ್ತು. ಜಾಯ್‌ಸ್ಟಿಕ್ಕಿನಲ್ಲಿ ಹೆಬ್ಬೆರಳಿನ ಕೆಳಗೆ ಇರುವುದು ಗುಂಡು ಹಾರಿಸುವ ಗುಂಡಿ. ಎರಡು ತಿರುವು ತಿರುಗುವಷ್ಟರಲ್ಲಿ ಗುಂಡೆಲ್ಲ ಖಾಲಿ.

"ಮಾರಾಯ," ಫೋನಿನಿಂದ ಸಾಹೇಬರು ಕೂಗುತ್ತಿದ್ದರು, "ಎದುರಿಗೆ ಯಾವ ಲಾರಿ ಬತ್ತಾ ಐತೆ ಅಂತ ಹೊಡೀತಿದ್ದೀಯ? ಮೋಡಕ್ಕೆಲ್ಲ ತೂತಾಗೋಯ್ತು!"

"ಅಭ್ಯಾಸ ಕಣೋ, ಏನ್ ಮಾಡ್ಲಿ?"

ಎರಡನೆಯ ಕಾರಣ ಇನ್ನೂ ಕೆಟ್ಟದ್ದು. ತಿರುವು ಬಂತೆಂದರೆ ಇವರು ವೇಗ ಇಳಿಸುತ್ತಿದ್ದರು. ಘಾಟಿಯಲ್ಲಿ ಅದು ಸರಿ. ಆದರೆ ಜೀಪು ತಿರುವಿನಲ್ಲಿ ನಿಧಾನವಾದರೆ ನಿಲ್ಲುತ್ತದೆ, ವಿಮಾನ ನಿಧಾನವಾದರೆ ಬೀಳುತ್ತದೆ. ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದ ನನಗೂ ಇದು ಮೂರನೇ ಭಾನುವಾರಕ್ಕೆ ಗೊತ್ತಾಯಿತು. ಬಾಯಿ ಸುಮ್ಮನಿರಲಿಲ್ಲ, ಹೇಳಿಬಿಟ್ಟೆ.

"ಅಷ್ಟು ಗೊತ್ತಿದ್ರೆ ನೀನೇ ಬಾ ಮಾರಾಯ್ತಿ," ಎಂದರು ಇವರು.

ಕೈ ತೊಳೆದು ಬಂದು, ಶಿಲುಬೆ ಗುರುತು ಹಾಕಿಕೊಂಡು ಕೂತೆ. ನಾನು ಬದುಕಿನಲ್ಲಿ ಸೈಕಲ್ಲೂ ಓಡಿಸಿದವಳಲ್ಲ, ಬಿಡಬೇಕಾದ ಅಭ್ಯಾಸ ಒಂದೂ ಇರಲಿಲ್ಲ. ಆದರೆ ಹೆಚ್ಚು ಎಳೆದರೆ ಹೆಚ್ಚು ತಿರುಗುತ್ತದೆ ಎಂದು ತಿಳಿದು, ಬಾವಿಯಿಂದ ಕೊಡ ಎಳೆಯುವ ಹಾಗೆ ಕೋಲನ್ನು ಹೊಟ್ಟೆಗೆ ಎಳೆದೆ. ವಿಮಾನ ಸರ್‍ರನೆ ಮಗ್ಗುಲಾಯಿತು. ಪರದೆಯ ಅಂಚು ಬೂದಿಯಾಯಿತು. ಹಸಿರು ಗುಡ್ಡ ಬಿಳಿಚಿತು. ಬೂದಿ ಒಳಕ್ಕೆ ಬಂತು, ಕಪ್ಪಾಯಿತು, ಒಂದು ಬಟ್ಟಲಿನಷ್ಟು ಬೆಳಕು ಉಳಿದು ಅದೂ ಹೋಯಿತು. ಏನೂ ಕಾಣದ ಪರದೆಯ ಹಿಂದೆ ಎಂಜಿನ್ನಿನ ಸದ್ದು ಮಾತ್ರ ದೂರದಿಂದ ಬರುತ್ತಿತ್ತು. ಒಳಗೆ ಕೂತವನ ಏದುಸಿರು.

ನಾನು ಕೋಲು ಬಿಟ್ಟು ಕೈ ಎತ್ತಿಕೊಂಡೆ.

"ಯಾಕೆ, ಏನಾಯ್ತು?" ಎಂದರು ಇವರು.

"ಇದೇ ಕಣ್ರೀ. ಅವತ್ತು ಚರ್ಚಲ್ಲಿ ನಂಗಾಗಿದ್ದು ಇದೇ. ಹಿಂಗೇ."

ಇವರು ಆ ದಿನದ ಮಾತನ್ನು ಒಂದು ವರ್ಷದಲ್ಲಿ ಒಂದು ಸಲವೂ ಎತ್ತಿರಲಿಲ್ಲ. ಸಾಹೇಬರಿಗೆ "ಆಮೇಲೆ ಮಾಡ್ತೀನಿ" ಎಂದು ಫೋನಿಟ್ಟು, ಮಗಳು ಪ್ರಿಂಟು ಹಾಕಿಸಿಕೊಟ್ಟಿದ್ದ ಆಟದ ಪುಸ್ತಕ ತೆಗೆದು, ಕನ್ನಡಕ ಹಾಕಿಕೊಂಡು ಹುಡುಕಿದರು. ಅದರಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದನ್ನು ನಿಧಾನವಾಗಿ ಓದಿ ಓದಿ ನನಗೆ ಹೇಳಿದರು. ವಿಮಾನ ವೇಗದಲ್ಲಿ ಬಿಗಿಯಾಗಿ ತಿರುಗಿದರೆ ಒಳಗಿರುವವನ ಮೈ ಐದಾರು ಪಟ್ಟು ಭಾರವಾಗುತ್ತದಂತೆ. ರಕ್ತವೂ ಭಾರವಾಗಿ ಕಾಲಿಗಿಳಿಯುತ್ತದೆ, ತಲೆ ಬರಿದಾಗುತ್ತದೆ. ಅದಕ್ಕೆ ವಿಮಾನ ಓಡಿಸುವವರು ತಿರುವಿಗೆ ಮುಂಚೆಯೇ ಮೀನಖಂಡ, ತೊಡೆ, ಹೊಟ್ಟೆ ಎಲ್ಲ ಬಿಗಿದು, ಉಸಿರು ಹಿಡಿದು ಹಿಡಿದು ಬಿಡುತ್ತಾರಂತೆ, ರಕ್ತ ಮೇಲೇ ನಿಲ್ಲಲಿ ಎಂದು.

"ಯುದ್ಧದೋರು ಮಾತ್ರ ಮಾಡ್ಬೇಕು ಅಂತ ಬರ್ದೈತಾ?"

ಇವರು ಹಾಳೆ ತಿರುಗಿಸಿ ನೋಡಿದರು. "ಬರ್ದಿಲ್ಲ."

"ಹಂಗಾದ್ರೆ ನಾನೂ ಮಾಡ್ತೀನಿ."

ಮಗಳು ಮಾತ್ರ ಡಾಕ್ಟರನ್ನು ಕೇಳದೆ ಏನೂ ಮಾಡಕೂಡದು ಎಂದಳು, ತಾನೇ ಹೋಗಿ ಕೇಳಿಕೊಂಡೂ ಬಂದಳು. ಡಾಕ್ಟರು ನಕ್ಕರಂತೆ. ಕಾಲು, ತೊಡೆ, ಹೊಟ್ಟೆ ಬಿಗಿಯಲಿ, ಮುಷ್ಟಿ ಹಿಡಿಯಲಿ, ಒಳ್ಳೆಯದೇ. ಉಸಿರು ಮಾತ್ರ ಕಟ್ಟುವುದು ಬೇಡ, ಅದು ವಿಮಾನದವರಿಗೆ. ಅಂಚು ಕಪ್ಪಾದರೆ ಹಟ ಮಾಡದೆ ಕೂತುಬಿಡಲಿ. ಒಂದು ಆಟದ ಪುಸ್ತಕದಲ್ಲಿ ನನ್ನ ಕಾಯಿಲೆಗೆ ಬೇಕಾದ ಮಾತು ಸಿಕ್ಕಿತಲ್ಲ, ದೇವರು ಎಲ್ಲೆಲ್ಲಿ ಏನೇನು ಇಟ್ಟಿರುತ್ತಾನೆ ಎಂದು ಅವತ್ತು ಜಪಸರ ಹೇಳುವಾಗ ನೆನೆದುಕೊಂಡೆ. ಅದು ಎರಡನೆಯ ಉಪಕಾರ.

ಅಲ್ಲಿಂದ ನಾನು ಆಟ ಬಿಡಲಿಲ್ಲ. ಕತ್ತಲೆ ಎಲ್ಲಿಂದ ಶುರುವಾಗುತ್ತದೆ, ಎಲ್ಲಿಯವರೆಗೆ ಹೋದರೆ ಹಿಂದಕ್ಕೆ ಬರಬಹುದು ಎನ್ನುವುದನ್ನು ಬೀಳದೆ ನೋಡಲಿಕ್ಕೆ ಅದು ಒಂದೇ ಜಾಗ. ದಿನಾ ಮಧ್ಯಾಹ್ನ ಪಾತ್ರೆ ತೊಳೆದು ಅರ್ಧ ಗಂಟೆ ಕೂರುತ್ತಿದ್ದೆ. ತಪಸ್ಸು ಕಾಲದಲ್ಲಿ ಗುಂಡು ಹಾರಿಸುವುದು ನನಗೆ ಸರಿಬರಲಿಲ್ಲ, ಆಟವಾದರೂ ಸರಿಯೇ. ಸಾಹೇಬರಿಗೂ ಆಗ ರಂಜಾನ್ ಉಪವಾಸ. ಇಬ್ಬರೂ ಒಂದು ಕಟ್ಟಳೆ ಮಾಡಿಕೊಂಡೆವು: ಗುಂಡು ಬೇಡ, ಇನ್ನೊಬ್ಬರ ಬಾಲದ ಹಿಂದೆ ಕೂತು ಹತ್ತು ಎಣಿಸಿದವರು ಗೆದ್ದಂತೆ. ನಮ್ಮನೆಯವರಿಗೆ ಇದರಿಂದ ತೊಂದರೆ. ಅವರ ಪ್ರತಿ ಹಾರ್ನೂ ತಪ್ಪಾಟವಾಯಿತು.

ತಿರುವು ಕಲಿಸಿದ್ದು ಮಾತ್ರ ಅವರೇ, ತಮಗೆ ಗೊತ್ತಿಲ್ಲದೆ. ಎಸ್ಟೇಟಿನ ಕೆಸರು ದಾರಿಯಲ್ಲಿ ಏರು ಹತ್ತಿಸಬೇಕಾದರೆ ಬುಡದಿಂದಲೇ ವೇಗ ತೆಗೆದುಕೊಂಡು ಬರಬೇಕು, ನಡುವೆ ಎಷ್ಟು ತುಳಿದರೂ ಚಕ್ರ ಅಲ್ಲೇ ಸುತ್ತುತ್ತದೆ. ಅದಕ್ಕೆ ಅವರು ಓಟ ಎನ್ನುತ್ತಾರೆ. "ಓಟ ಇಲ್ದೆ ಏರಿಗೆ ಬರಬಾರದು" ಎನ್ನುವುದು ಅವರ ಹಳೇ ಮಾತು. ಒಂದು ಮಧ್ಯಾಹ್ನ ನನಗೆ ಹೊಳೆಯಿತು, ತಿರುವೂ ಒಂದು ಏರೇ, ಮಲಗಿಸಿದ ಏರು. ಬಿಗಿಯಾಗಿ ಎಳೆದಷ್ಟೂ ಅದು ಓಟವನ್ನು ತಿನ್ನುತ್ತದೆ. ಓಟ ಮುಗಿದ ಮೇಲೆ ಎಷ್ಟು ಎಳೆದರೂ ಮೂಗು ನಡುಗುತ್ತದೆ, ರೆಕ್ಕೆ ಗಾಳಿಯ ಹಿಡಿತ ತಪ್ಪಿ ಬೀಳುತ್ತದೆ.

ಹಾಗಾಗಿ ಅಂಚು ಬೂದಿಯಾಗುವವರೆಗೆ ಎಳೆ, ಅಲ್ಲಿ ಕೈ ನಿಲ್ಲಿಸು. ಕಪ್ಪಾಗಲು ಬಂದರೆ ಒಂದು ಬೆರಳಿನಷ್ಟು ಸಡಿಲಿಸು, ಬೆಳಕು ಬಂದ ಮೇಲೆ ಮತ್ತೆ ಎಳೆ. ಓಟ ಕಮ್ಮಿಯಾಯಿತೋ, ನಾಚಿಕೆ ಬಿಟ್ಟು ಮೂಗು ಕೆಳಗೆ ಮಾಡಿ ಇಳಿಜಾರಿನಲ್ಲಿ ಹೋಗು. ಓಟ ಹೆಚ್ಚಾಯಿತೋ, ಅದನ್ನು ಹಾಳುಮಾಡಬೇಡ, ತಿರುಗುತ್ತಲೇ ಮೇಲಕ್ಕೆ ಹತ್ತು. ಮಳೆಗಾಲಕ್ಕೆಂದು ಸೌದೆಯನ್ನು ಅಟ್ಟಕ್ಕೆ ಹಾಕಿದ ಹಾಗೆ ಓಟ ಎತ್ತರದಲ್ಲಿ ಇರುತ್ತದೆ, ಬೇಕಾದಾಗ ಇಳಿಸಿಕೊಂಡರಾಯಿತು. ಇಷ್ಟು ಕಲಿಯಲು ನನಗೆ ಮೂರು ವಾರ ಹಿಡಿಯಿತು. ನಾನು ದಡ್ಡಿಯಲ್ಲ.

ಅದರ ಮುಂದಿನ ಭಾನುವಾರ ಸಾಹೇಬರ ಎದುರು ಕೂತೆ. ಇವರು ಪಕ್ಕದಲ್ಲಿ ಕಾಲು ಚಾಚಿಕೊಂಡು.

"ಅಕ್ಕ, ನಿಧಾನ ಆಡ್ತೀನಿ, ಹೆದ್ರಬೇಡಿ," ಎಂದರು ಸಾಹೇಬರು.

"ನೀವು ಹೆಂಗಾದ್ರೂ ಆಡಿ ಸಾಹೇಬ್ರೆ, ಆಮೇಲೆ ಉಪವಾಸ ಇದ್ದೆ ಅದಕ್ಕೇ ಸೋತೆ ಅನ್ಬೇಡಿ."

ಎದುರುಬದುರು ದಾಟಿದೆವು. ಅವರು ಕೂಡಲೇ ಬಿಗಿಯಾಗಿ ತಿರುಗಿದರು. ನನ್ನ ಕೈಯೂ ಎಳೆಯಲು ತುಡಿಯಿತು, ಎಳೆಯಲಿಲ್ಲ. ತಿರುಗುತ್ತಾ ಹತ್ತಿದೆ. ಮೇಲಿನಿಂದ ನೋಡಿದರೆ ಅವರು ಕೆಳಗೆ ಸುತ್ತುತ್ತಿದ್ದರು, ಒಂದೊಂದು ಸುತ್ತಿಗೂ ನಿಧಾನವಾಗುತ್ತಾ.

"ಎಲ್ಲೋದ್ರಿ ಅಕ್ಕ? ಕಾಣ್ತಾನೇ ಇಲ್ಲ. ಅಡುಗೆಮನೆಗೆ ಹೋದ್ರಾ?"

"ಇಲ್ಲೇ ಅಟ್ಟದ ಮೇಲಿದ್ದೀನಿ."

ಇಳಿದೆ. ಅಂಚು ಬೂದಿಯಾಯಿತು, ಬೆರಳಿನಷ್ಟು ಬಿಟ್ಟೆ, ಮತ್ತೆ ಎಳೆದೆ. ಅವರ ಬಾಲ ನನ್ನ ಮುಂದೆ ಬಂತು. ನಾನೂ ಇವರೂ ಒಟ್ಟಿಗೆ ಎಣಿಸಿದೆವು. ಏಳು ಎನ್ನುವಾಗ ಸಾಹೇಬರು ಗಾಬರಿಯಾಗಿ ಪೂರ್ತಿ ಎಳೆದರು. ಫೋನಿನಲ್ಲಿ ಅವರ ದನಿಯೇ ನಿಂತುಹೋಯಿತು, ಆಮೇಲೆ "ಕತ್ಲೆ! ಏನೂ ಕಾಣ್ತಿಲ್ಲ ಮಾರಾಯ!" ನಾವು ಹತ್ತು ಎಣಿಸಿ ಮುಗಿಸಿದೆವು. ಇವರು ಮೇಜು ಬಡಿದು ಬಡಿದು ನಕ್ಕರು. ಮೊಣಕಾಲು ಆಪರೇಷನ್ ಆದಮೇಲೆ ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅದನ್ನೂ ಉಪಕಾರಗಳ ಜೊತೆ ಸೇರಿಸಿದೆ.

ಸಾಹೇಬರು ಸೋಲನ್ನು ನುಂಗಿಕೊಂಡು ಆಮೇಲೆ ಕೇಳಿದರು, "ಅಕ್ಕ, ನೀವೂ ಉಪವಾಸ ತಾನೆ? ಹೆಂಗೆ ಮಾಡ್ತೀರಿ?"

"ತಪಸ್ಸು ಕಾಲದ ಎಲ್ಲ ಶುಕ್ರವಾರಾನೂ ನೀರು ಮುಟ್ಟಲ್ಲ, ಸಂಜೆ ಶಿಲುಬೆ ಹಾದಿ ಮುಗಿಯೋವರ್ಗೂ. ನಮ್ಮ ತವರಿನ ಪದ್ಧತಿ."

"ಬೆಳಗ್ಗೆ?"

"ಬೆಳಗ್ಗೇನೂ ಇಲ್ಲ."

"ನಾವು ಬೆಳಗಾಗೋ ಮುಂಚೆ ಎದ್ದು ತಿಂದು, ಹೊಟ್ಟೆ ತುಂಬ ನೀರು ಕುಡ್ದೇ ಉಪವಾಸಕ್ಕೆ ಇಳಿಯೋದು. ಅದನ್ನ ಬಿಡ್ಬಾರ್ದು ಅಂತಾನೇ ಹಿರಿಯರು ಹೇಳವ್ರೆ. ಖಾಲಿ ಟ್ಯಾಂಕಲ್ಲಿ ಯಾರು ಏರು ಹತ್ತಿಸ್ತಾರೆ ಅಕ್ಕ?"

"ನಿಮ್ದು ನಿಮಗೆ, ನಮ್ದು ನಮಗೆ," ಎಂದುಬಿಟ್ಟೆ. ಗೆದ್ದ ಸೊಕ್ಕಿನಲ್ಲಿದ್ದೆ.

ಶಿಲುಬೆ ಹಾದಿಯ ಶುಕ್ರವಾರಗಳು ಅಲ್ಲಿಯವರೆಗೆ ಚೆನ್ನಾಗಿಯೇ ಆಗಿದ್ದವು. ಪ್ರತಿ ಸ್ಥಳದಲ್ಲೂ, ಎಂದರೆ ಚರ್ಚಿನ ಗೋಡೆಯ ಒಂದೊಂದು ಚಿತ್ರದ ಮುಂದೂ, ಏಳುವ ಮುಂಚೆ ಮೀನಖಂಡ ಬಿಗಿದು, ತೊಡೆ ಬಿಗಿದು, ಮುಷ್ಟಿ ಹಿಡಿದು, ಒಂದು ಕಾಲು ಊರಿ ಎರಡು ಉಸಿರು ಕಾದು, ಆಮೇಲೆ ಏಳುತ್ತಿದ್ದೆ. ಅಂಚು ಬೂದಿಯಾಗುತ್ತಿತ್ತು, ಹೋಗುತ್ತಿತ್ತು. ಅದನ್ನು ಕಂಡು ಹೆದರುವುದನ್ನು ಬಿಟ್ಟಿದ್ದೆ. ಮಂಡಿ ಊರಲಾಗದ ನಮ್ಮನೆಯವರು ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು.

ಐದನೆಯ ಶುಕ್ರವಾರ ಸೆಕೆ ಜಾಸ್ತಿ. ಬೆಳಗ್ಗೆ ತೋಟದಲ್ಲಿ ಬೇರೆ ಕೆಲಸವಿತ್ತು. ಹನ್ನೆರಡನೆಯ ಸ್ಥಳದಲ್ಲಿ ಏಳುವಾಗ ಬಿಗಿದ ಕಾಲು ಬಿಗಿದೇ ಇತ್ತು, ಆದರೂ ಬೂದಿ ನಿಲ್ಲದೆ ಒಳಕ್ಕೆ ಬಂತು. ಬಣ್ಣ ಹೋಯಿತು. ಬೆಂಚಿನ ತುದಿ ಕೈಗೆ ಸಿಕ್ಕಿತು, ಕೂತುಬಿಟ್ಟೆ. ಪಕ್ಕದವರು ಪ್ರಾರ್ಥನೆಯಲ್ಲಿದ್ದರು, ಯಾರೂ ನೋಡಲಿಲ್ಲ. ನೋಡಿದ್ದು ಇವರೊಬ್ಬರು.

ಬಸ್ಸಿಗೆ ಕಾಯುವಾಗ, "ಯಾರೂ ನೋಡಿಲ್ಲ," ಎಂದರು ಇವರು, ನನಗೆ ಸಮಾಧಾನವಾಗಲಿ ಎಂದು.

"ಮಾತು ಕೊಟ್ಟಿದ್ದು ಯಾರಾದ್ರೂ ನೋಡಿದ್ರೆ ಹೇಳ್ತೀನಿ ಅಂತಲ್ಲ," ಎಂದೆ. ಆದರೆ ಅವತ್ತು ವಾಪಸು ಹೋಗಿ ಹೇಳುವ ಧೈರ್ಯ ಬರಲಿಲ್ಲ.

ಮರುದಿನ ಮನಸ್ಸು ಕೆಟ್ಟು ಕಂಪ್ಯೂಟರಿನ ಮುಂದೆ ಕೂತೆ. ಸುಮ್ಮನೆ, ಕಂಪ್ಯೂಟರೇ ಓಡಿಸುವ ವಿಮಾನವೊಂದರ ಜೊತೆ. ಕೆಳಗೆ, ನಿಧಾನವಾಗಿ ಹಾರುತ್ತಿದ್ದೆ, ಹಾಗೇ ತಿರುವಿಗೆ ಬಿದ್ದೆ. ಬೆರಳಿನಷ್ಟು ಬಿಟ್ಟೆ, ಎಳೆದೆ, ಮತ್ತೆ ಬಿಟ್ಟೆ, ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಮೂಗು ನಡುಗಿ ರೆಕ್ಕೆ ಮಗುಚಿ ಗದ್ದೆಗೆ ಬಿದ್ದೆ.

"ಕೈಯಲ್ಲಿ ತಪ್ಪಿಲ್ಲ," ಎಂದರು ಹಿಂದೆ ನಿಂತಿದ್ದ ಇವರು. "ಓಟ ಇಲ್ದೆ ತಿರುವಿಗೆ ಬಂದೆ, ಅಷ್ಟೇ."

ನಾನು ತಿರುಗಿ ಅವರ ಮುಖ ನೋಡಿದೆ. ಅವರು ವಿಮಾನದ ಮಾತನ್ನೇ ಆಡಿದ್ದರು, ಬೇರೇನೂ ಮನಸ್ಸಿನಲ್ಲಿರಲಿಲ್ಲ. ನನಗೆ ಮಾತ್ರ ಸಾಹೇಬರ ಖಾಲಿ ಟ್ಯಾಂಕು ನೆನಪಾಯಿತು.

ನೀರು ಮುಟ್ಟದ ಪದ್ಧತಿ ನಮ್ಮಮ್ಮನದು. ಬಿಡುವುದು ಸುಲಭವಾಗಿರಲಿಲ್ಲ. ಅಮ್ಮ ಸಾಯುವ ವರ್ಷವೂ ಶುಕ್ರವಾರ ನಾಲಗೆ ಒದ್ದೆ ಮಾಡಿಕೊಳ್ಳಲಿಲ್ಲ, ನಾನು ಅವಳ ಮಗಳು ಎನ್ನುವ ಹೆಮ್ಮೆ ಆ ಬಾಯಾರಿಕೆಯಲ್ಲಿತ್ತು. ಆದರೆ ಅವತ್ತು ಯೋಚಿಸಿ ನೋಡಿದೆ. ಅಮ್ಮನಿಗೆ ಓದುವ ಕೆಲಸವಿರಲಿಲ್ಲ. ಅವಳು ಇಡೀ ಹಗಲು ಚಾಪೆಯ ಮೇಲೆ ಕೂತು ಜಪಸರ ಹೇಳುತ್ತಿದ್ದಳು. ದೇವರು ಅವಳಿಂದ ಬಾಯಾರಿಕೆ ತೆಗೆದುಕೊಂಡ. ನನ್ನಿಂದ ಓದು ಕೇಳಿದ್ದಾನೆ. ಎರಡನ್ನೂ ಕೊಡುತ್ತೇನೆ ಎಂದು ನಾನು ಹಟ ಹಿಡಿದರೆ ಅದು ಭಕ್ತಿಯಲ್ಲ, ಕೋಲನ್ನು ಪೂರ್ತಿ ಎಳೆಯುವುದು.

ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಹೋದೆ. "ಶುಕ್ರವಾರ ಹನ್ನೆರಡನೇ ಸ್ಥಳದಲ್ಲಿ ತೂರಾಡಿದೆ ಫಾದರ್. ಹೇಳ್ತೀನಿ ಅಂದಿದ್ದೆ."

"ಬಿದ್ರಾ?"

"ಬೀಳೋಕ್ಮುಂಚೆ ಕೂತೆ."

"ಅವತ್ತು ಏನು ತಿಂದಿದ್ರಿ?"

ಹೇಳಿದೆ. ಫಾದರ್ ಕಣ್ಣು ದೊಡ್ಡದು ಮಾಡಿದರು. "ನೀರೂ ಕುಡೀಬೇಡಿ ಅಂತ ಯಾರು ಹೇಳಿದ್ರು ನಿಮಗೆ?"

"ನಮ್ಮಮ್ಮ."

"ಚರ್ಚು ಹೇಳಿಲ್ಲವಲ್ಲ ಅಮ್ಮ." ಬೆರಳು ಮಡಿಸಿ ಎಣಿಸಿ, "ಇನ್ನೊಂದು ಶುಕ್ರವಾರ ಉಳಿದಿದೆ. ಗಂಜಿ ಕುಡಿದು, ನೀರು ಕುಡಿದು ಬನ್ನಿ. ಹದಿನಾಲ್ಕೂ ಎದ್ರೆ ಪುಸ್ತಕ ನಿಮ್ಮದು. ಇಲ್ಲಾಂದ್ರೆ ಅವರದು. ಆಯ್ತಾ?"

"ಆಯ್ತು."

ಆ ಶುಕ್ರವಾರ ಹದಿನಾಲ್ಕೂ ಎದ್ದೆ. ಅಂಚು ಎರಡು ಸಲ ಮಾತ್ರ ಬೂದಿಯಾಯಿತು. ಫಾದರ್ ಹೊರಗೆ ಬಂದು ಪುಸ್ತಕ ನನ್ನ ಕೈಗೆ ಕೊಟ್ಟರು.

ಶುಭ ಶುಕ್ರವಾರ ಬೆಳಗ್ಗೆ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಲೋಟದ ತುಂಬ ಕುಡಿದೆ. ಮೊದಲ ಗುಟುಕಿಗೇ ಲೋಟ ಕೆಳಗಿಟ್ಟೆ. ಅಮ್ಮನ ಫೋಟೋದ ಕಡೆ ನೋಡಿ, "ಬಯ್ಯೋದಿದ್ರೆ ಆಮೇಲೆ ಬಯ್ಯಿ" ಎಂದೆ. ಉಳಿದದ್ದು ಇಳಿಯಿತು. ಮಧ್ಯಾಹ್ನ ಹೊರಡುವ ಮುಂಚೆ ಎರಡು ಲೋಟ ನೀರು. ಬಸ್ಸಿನಲ್ಲಿ ಇವರು ಡ್ರೈವರನ ಗೇರಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಅದರಿಂದಲೇ ಅವರಿಗೆ ಎಷ್ಟು ದಿಗಿಲಾಗಿದೆ ಎಂದು ತಿಳಿಯಿತು.

ಚರ್ಚು ತುಂಬಿತ್ತು. ಹೋದ ವರ್ಷ ಬಿದ್ದದ್ದನ್ನು ಕಂಡವರೆಲ್ಲ ಅಲ್ಲೇ ಇದ್ದರು. ಹಾಡಿನ ಮುಖ್ಯಸ್ಥ ತನ್ನ ಜಾಗದಲ್ಲಿ ಇನ್ನೊಂದು ಪುಸ್ತಕ ಬಿಚ್ಚಿಟ್ಟುಕೊಂಡು ನಿಂತಿದ್ದ. ಕಂಡರೂ ಕಾಣದ ಹಾಗೆ ಓದಲು ಶುರುಮಾಡಿದೆ. ಓದುತ್ತಾ ಪೀಠದ ಮರೆಯಲ್ಲಿ ಒಂದು ಮೀನಖಂಡ, ಆಮೇಲೆ ಇನ್ನೊಂದು, ಬಿಗಿದು ಬಿಡುತ್ತಿದ್ದೆ. ದನಿ ಚೆನ್ನಾಗಿ ಬರುತ್ತಿತ್ತು. ಆ ಸಾಲು ಬಂತು. ಓದಿದೆ. ಎಲ್ಲರೂ ಮೊಣಕಾಲೂರಿದೆವು.

ಆ ಮೌನದಲ್ಲಿ ನಾನು ಮಾಡಬೇಕಾದದ್ದು ಸ್ವಾಮಿಯ ಧ್ಯಾನ. ಮಾಡಿದೆ. ಕೊನೆಯ ಭಾಗದಲ್ಲಿ ಮಾತ್ರ ತೊಡೆ ಬಿಗಿಯಲು ಶುರುಮಾಡಿದೆ, ಕ್ಷಮಿಸಲಿ. ಫಾದರ್ ಎದ್ದರು. ನಾನು ಒಂದು ಕಾಲು ಊರಿ ಕಾದೆ. ಎರಡು ಉಸಿರು. ಹಿಂದೆ ಜನ ಏಳುವ ಸದ್ದು. ಪೀಠದ ಅಂಚು ಹಿಡಿದು ಎದ್ದೆ.

ಬೂದಿ ಬಂತು. ಎಡದ ಕಿಟಕಿ ಹೋಯಿತು, ಬಲದ ಕಂಬ ಹೋಯಿತು. ಪುಸ್ತಕದ ಸಾಲು ಕಾಣುತ್ತಿತ್ತು. ಓದಿಬಿಡು, ಬೇಗ ಓದಿಬಿಡು ಎಂದು ನಾಲಗೆ ತುಡಿಯಿತು. ಓದಲಿಲ್ಲ. ಹೊಟ್ಟೆ ಬಿಗಿದು, ಮುಷ್ಟಿ ಹಿಡಿದು, ಉಸಿರು ಬಿಡುತ್ತಾ ತೆಗೆಯುತ್ತಾ ಸುಮ್ಮನೆ ನಿಂತೆ. ಜನ ಕಾಯಲಿ. ಎಷ್ಟು ಹೊತ್ತೋ ಗೊತ್ತಿಲ್ಲ, ಮೂರು ಉಸಿರಿರಬಹುದು, ನಾಲ್ಕಿರಬಹುದು. ಹಾಡಿನವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

ಆಗ ಬಲದ ಕಂಬ ವಾಪಸು ಬಂತು. ಆಮೇಲೆ ಕಿಟಕಿ, ಅದರ ನೀಲಿ ಗಾಜು ನೀಲಿಯಾಗಿಯೇ. ನಾಲ್ಕನೆಯ ಬೆಂಚಿನಲ್ಲಿ ನಮ್ಮನೆಯವರು ಕಂಡರು. ಮುಖದಲ್ಲಿ ಏನೂ ಇರಲಿಲ್ಲ. ಬಲಗೈ ಮಾತ್ರ ಮೊಣಕಾಲಿನ ಮೇಲೆ ಮುಷ್ಟಿಯಾಗಿತ್ತು, ಹೆಬ್ಬೆರಳು ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು.

ಉಳಿದ ಸಾಲುಗಳನ್ನು ಓದಿದೆ, ಕೊನೆಯವರೆಗೂ.

ಹೊರಗೆ ಬಂದಾಗ ಹಾಡಿನ ಮುಖ್ಯಸ್ಥ ಹತ್ತಿರ ಬಂದ. "ಅಕ್ಕ, ನಾನು ಪುಸ್ತಕ ಬಿಚ್ಚಿಟ್ಕೊಂಡೇ ನಿಂತಿದ್ದೆ, ಯಾವುದಕ್ಕೂ ಇರ್ಲಿ ಅಂತ."

"ನೋಡ್ದೆ ಕಣಪ್ಪ. ಒಳ್ಳೇದೇ ಮಾಡ್ದೆ. ಮುಚ್ಚಿಡು ಇನ್ನು," ಎಂದೆ. ಇಬ್ಬರೂ ನಕ್ಕೆವು. ಒಂದು ವರ್ಷದ ಮೇಲೆ ಅವನ ಮುಖ ನೋಡಿ ನಕ್ಕಿದ್ದು, ಅದೂ ಒಂದು ಉಪಕಾರವೇ.

ಬಸ್‌ಸ್ಟ್ಯಾಂಡಿಗೆ ಇವರ ಕಾಲಿಗೆ ತಕ್ಕ ಹಾಗೆ ನಿಧಾನವಾಗಿ ನಡೆದೆವು. ದಾರಿಯಲ್ಲಿ ಕೇಳಿದೆ, "ಎಷ್ಟು ಸಲ ಹಾರ್ನ್ ಹೊಡೆದ್ರಿ?"

ಇವರು ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು. "ಹೊಡೆದ್ನಾ? ಗೊತ್ತಿಲ್ಲ ಮಾರಾಯ್ತಿ. ಎದುರಿಗೆ ಯಾವ ಗಾಡೀನೂ ಬರ್ಲಿಲ್ಲ ತಾನೆ?"

"ಬರ್ಲಿಲ್ಲ," ಎಂದೆ.